ಉಡುಪಿಯ ಮನೆಗೆ ಹೂ ತಲುಪುವ ಬಗೆ

ದುಬೈಯಲ್ಲೋ ಮುಂಬೈಯಲ್ಲೋ ಕುಳಿತು ಉಡುಪಿಯಲ್ಲಿರುವ ಅಮ್ಮನಿಗೆ ಹುಟ್ಟುಹಬ್ಬದ ಹೂ ಕಳಿಸುವುದು ಈಗ ಐದು ನಿಮಿಷದ ಕೆಲಸ. ಫೋನಿನಲ್ಲಿ ಒಂದು ಚಿತ್ರ ಆರಿಸಿ, ವಿಳಾಸ ತುಂಬಿ, ದುಡ್ಡು ಕಟ್ಟಿದರೆ ಆಯಿತು. ಕಷ್ಟ ಶುರುವಾಗುವುದು ಆ ನಂತರ. ಚಿತ್ರದಲ್ಲಿದ್ದ ಹೂವೇ ಬೇರೆ, ಬಂದದ್ದೇ ಬೇರೆ. ಬೆಳಿಗ್ಗೆ ಬರಬೇಕಾದ್ದು ರಾತ್ರಿ ಎಂಟಕ್ಕೆ ಬಂತು. ಬಂದ ಗುಲಾಬಿ ಮರುದಿನವೇ ತಲೆ ಬಾಗಿಸಿತು. ಇಂಥ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಆ ಊರಿಗೆ ಯಾವ ಹೂ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಕಳಿಸುವವರಿಗೆ ಗೊತ್ತಿರುವುದಿಲ್ಲ.

ಉಡುಪಿಯಂಥ ಸಣ್ಣ ಕರಾವಳಿ ನಗರಕ್ಕೆ ಹೂ ಬರುವ ದಾರಿ ಎರಡು. ಒಂದು, ಸುತ್ತಲಿನ ಹಳ್ಳಿಗಳ ಅಂಗಳದಿಂದ ಅದೇ ದಿನ ಬರುವ ಊರಿನ ಹೂ. ಇನ್ನೊಂದು, ಘಟ್ಟದ ಮೇಲಿಂದ ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಇಳಿಯುವ ಹೂ. ನೀವು ಕಳಿಸುತ್ತಿರುವುದು ಇವೆರಡರಲ್ಲಿ ಯಾವುದು ಎಂದು ತಿಳಿದರೆ ದಿನ, ಹೊತ್ತು, ದರ, ಬಾಳಿಕೆ ಎಲ್ಲವನ್ನೂ ಮೊದಲೇ ಅಂದಾಜು ಮಾಡಬಹುದು.

ಆರ್ಡರ್ ಹೋಗುವ ದಾರಿ

ದೊಡ್ಡ ಆನ್‌ಲೈನ್ ಕಂಪನಿಗೆ ನೀವು ಆರ್ಡರ್ ಕೊಟ್ಟರೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಹೂಗುಚ್ಛ ಹೊರಡುವುದಿಲ್ಲ. ಹೊರಡುವುದು ಆರ್ಡರ್ ಮಾತ್ರ. ಅದು ಉಡುಪಿಯಲ್ಲೋ ಮಣಿಪಾಲದಲ್ಲೋ ಇರುವ ಹೂವಿನಂಗಡಿಗೆ ತಲುಪುತ್ತದೆ. ಅಂಗಡಿಯವರು ತಮ್ಮ ಬಳಿ ಇರುವ ಹೂವಿನಿಂದ ಗುಚ್ಛ ಕಟ್ಟಿ, ತಮ್ಮ ಹುಡುಗನ ಕೈಯಲ್ಲಿ ಬೈಕಿನಲ್ಲಿ ಕಳಿಸುತ್ತಾರೆ. ಈ ವ್ಯವಸ್ಥೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. 1908ರಲ್ಲಿ ಬರ್ಲಿನ್‌ನಲ್ಲಿ ಹೂವಂಗಡಿಗಳ ಜಾಲವಾದ ಫ್ಲೂರಾಪ್‌ನ ಮೂಲ ಸಂಘಟನೆ, 1910ರಲ್ಲಿ ಅಮೆರಿಕದಲ್ಲಿ ಎಫ್‌ಟಿಡಿ ಶುರುವಾದದ್ದು ಇದೇ ಉಪಾಯದ ಮೇಲೆ: ಹೂವನ್ನು ಸಾಗಿಸುವ ಬದಲು ತಂತಿಯಲ್ಲಿ ಆರ್ಡರ್ ಸಾಗಿಸಿ, ಹೂ ಕೊಡುವ ಕೆಲಸವನ್ನು ಆ ಊರಿನ ಅಂಗಡಿಗೆ ಬಿಡುವುದು.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದು ದುಡ್ಡಿನದು. ನೀವು ಕಟ್ಟಿದ ಮೊತ್ತದಲ್ಲಿ ನಡುವಿನ ಕಂಪನಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಅಂಗಡಿಗೆ ಕೊಡುತ್ತದೆ. ಅದರಲ್ಲೇ ಹೂ, ಕಾಗದ, ರಿಬ್ಬನ್, ಪೆಟ್ರೋಲು, ಕೂಲಿ ಎಲ್ಲ ಹೊಂದಬೇಕು. ಚಿತ್ರದ ಇಪ್ಪತ್ತು ಗುಲಾಬಿ ಹದಿನೈದಕ್ಕೆ ಇಳಿದು, ಉಳಿದ ಜಾಗ ಸೊಪ್ಪಿನಿಂದ ತುಂಬುವುದಕ್ಕೆ ಇದೇ ಕಾರಣ. ಎರಡನೆಯದು ಹೂವಿನದು. ಕಂಪನಿಯ ಚಿತ್ರ ಇಡೀ ದೇಶಕ್ಕೆ ಒಂದೇ. ಉಡುಪಿಯ ಅಂಗಡಿಯ ಬಕೆಟ್ಟಿನಲ್ಲಿ ಆ ದಿನ ಇರುವ ಹೂ ಬೇರೆ. 'ಲಭ್ಯತೆಯ ಮೇಲೆ ಹೂ ಬದಲಾಗಬಹುದು' ಎಂಬ ಸಣ್ಣಕ್ಷರದ ಸಾಲು ಹುಟ್ಟಿದ್ದು ಹೀಗೆ.

ಇದಲ್ಲದೆ ಕೊರಿಯರ್‌ನಲ್ಲಿ ಪೆಟ್ಟಿಗೆಯೊಳಗೆ ಹೂ ಕಳಿಸುವ ಪದ್ಧತಿಯೂ ಇದೆ. ಜಾಲತಾಣಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ತಲುಪುವ ದಿನ 'ಎರಡರಿಂದ ಮೂರು ದಿನ' ಎಂದಿದ್ದರೆ ಅದು ಕೊರಿಯರ್ ಎಂದೇ ತಿಳಿಯಿರಿ; 'ಇಂದೇ' ಅಥವಾ 'ಇಂಥ ಹೊತ್ತಿಗೆ' ಎಂದಿದ್ದರೆ ಊರಿನ ಅಂಗಡಿಯಿಂದ ಹೋಗುವಂಥದ್ದು. ತಾಜಾ ಹೂವಿಗೆ ಊರಿನ ಅಂಗಡಿಯದೇ ಸರಿ.

ಮೂರನೆಯ ದಾರಿಯೂ ಇದೆ, ಅದೇ ಹೆಚ್ಚು ಲಾಭದ್ದು: ಉಡುಪಿಯ ಅಂಗಡಿಗೆ ನೇರ ಫೋನ್ ಮಾಡುವುದು. ನಕ್ಷೆಯ ಆ್ಯಪ್‌ನಲ್ಲಿ ಹುಡುಕಿದರೆ ಅಂಗಡಿಗಳ ನಂಬರ್ ಸಿಗುತ್ತದೆ, ಯುಪಿಐಯಲ್ಲಿ ಹಣ ಹೋಗುತ್ತದೆ, ಕಟ್ಟಿದ ಗುಚ್ಛದ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ 'ಗುಲಾಬಿ ಇದೆಯಾ' ಎಂದಲ್ಲ, 'ಇವತ್ತು ಏನೇನು ಬಂದಿದೆ' ಎಂದು.

ಊರಿನ ಹೂ: ಶಂಕರಪುರದ ಲೆಕ್ಕ

ಉಡುಪಿಯಲ್ಲಿ ಹೂ ಎಂದರೆ ಮೊದಲು ಮಲ್ಲಿಗೆ. ಕಟಪಾಡಿಯಿಂದ ಒಳಗೆ ಹೋದರೆ ಸಿಗುವ ಶಂಕರಪುರ ಇದರ ಕೇಂದ್ರ; ಸುತ್ತಲಿನ ಬೆಳ್ಳೆ, ಇನ್ನಂಜೆ, ಕುರ್ಕಾಲು, ಶಿರ್ವದ ಕಡೆ ಮನೆಯ ಪಕ್ಕದ ತುಂಡು ಜಾಗದಲ್ಲೂ ಮಲ್ಲಿಗೆ ಗಿಡಗಳಿವೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ದೂರದಿಂದ ಹೂ ಕಳಿಸುವವರಿಗೆ ಆ ಮಾನ್ಯತೆಗಿಂತ ಅದರ ದಿನಚರಿ ಮುಖ್ಯ.

ಬೆಳಕು ಹರಿಯುವಾಗ ಮೊಗ್ಗು ಕೊಯ್ಯುತ್ತಾರೆ. ಮನೆಮಂದಿಯೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಏಜೆಂಟರ ಕೈ ಸೇರುತ್ತದೆ, ಆ ದಿನದ ದರ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾಗುತ್ತದೆ, ಹೂವಿನ ಕಟ್ಟುಗಳು ಉಡುಪಿ, ಮಂಗಳೂರು, ಮುಂಬೈ ಕಡೆಗೆ ಹೊರಡುತ್ತವೆ. ಸಂಜೆಯಾಗುತ್ತಿದ್ದಂತೆ ಮೊಗ್ಗು ಅರಳುತ್ತದೆ. ಮರುದಿನದ ಹೊತ್ತಿಗೆ ಬಿಳುಪು ಮಾಸಲು ಶುರು.

ಇದರ ಅರ್ಥ ಸರಳ. ಆ ದಿನದ ತಾಜಾ ಮಲ್ಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಯಾರ ಮನೆಗೂ ತಲುಪಲಾರದು. ಸಂಜೆಯ ಪೂಜೆ, ಕ್ರೈಸ್ತರ ಮದುವೆಯ ಮುನ್ನಾದಿನ ಸಂಜೆಯ ರೋಸ್, ಆರತಕ್ಷತೆ ಇವಕ್ಕೆ ಅದು ಹೇಳಿ ಮಾಡಿಸಿದ ಹೂ. ಬೆಳಗಿನ ಧಾರೆಗೆ ಬೇಕಾದರೆ ಹಿಂದಿನ ಸಂಜೆಯೇ ಮನೆಗೆ ಬರುವಂತೆ ಹೇಳಬೇಕು, ಮನೆಯವರು ರಾತ್ರಿ ಅದನ್ನು ತಂಪಿನಲ್ಲಿಡಬೇಕು.

ಅಳತೆಯೂ ಬೇರೆ. ಬಯಲುಸೀಮೆಯಂತೆ ಇಲ್ಲಿ ಮೊಳ, ಮಾರಿನ ಲೆಕ್ಕವಿಲ್ಲ. ಸುಮಾರು 800 ಹೂವಿಗೆ ಒಂದು ಚೆಂಡು; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಬ್ಬರ ಮುಡಿಗೆ ಒಂದು ಚೆಂಡು ಧಾರಾಳ ಸಾಕು. ಮದುಮಗಳ ಮುಡಿಯ ಜಲ್ಲಿಗೆ ಅಟ್ಟೆಯ ಲೆಕ್ಕದಲ್ಲಿ ಬೇಕಾಗುತ್ತದೆ. ದರ ಮಾತ್ರ ದಿನದಿನಕ್ಕೆ ಬದಲು. ಬೇಸಿಗೆಯಲ್ಲಿ ಹೂ ಧಾರಾಳವಾಗಿದ್ದಾಗ ಅಟ್ಟೆಗೆ ಕೆಲವು ನೂರು ರೂಪಾಯಿಗೂ ಇಳಿಯುತ್ತದೆ. ಚಳಿಗಾಲದಲ್ಲಿ ಇಳುವರಿ ಬಿದ್ದು ಮದುವೆಗಳೂ ಕೂಡಿಬಂದರೆ ಎರಡು ಸಾವಿರ ದಾಟಿದ್ದೂ ಉಂಟು. ಆದ್ದರಿಂದ ವಾರದ ಹಿಂದೆ ಹೇಳಿದ ದರಕ್ಕೆ ಅಂಗಡಿಯವರು ಕೊಡದಿದ್ದರೆ ಅದು ಮೋಸವಲ್ಲ. 'ಇಷ್ಟು ಅಟ್ಟೆ ಬೇಕೇ ಬೇಕು' ಎನ್ನುತ್ತೀರೋ 'ಇಷ್ಟು ರೂಪಾಯಿಗೆ ಎಷ್ಟು ಬರುತ್ತದೋ ಅಷ್ಟು' ಎನ್ನುತ್ತೀರೋ, ಮೊದಲೇ ತೀರ್ಮಾನಿಸಿ ಹೇಳಿಬಿಡಿ.

ಉತ್ತರದಿಂದ ಬರುವ ಭಟ್ಕಳ ಮಲ್ಲಿಗೆ, ಕುಂಕುಮಗೆಂಪಿನ ಅಬ್ಬಲಿಗೆ, ಸಂಪಿಗೆ, ನಾಗಪೂಜೆಗೆ ಬೇಕೇಬೇಕಾದ ಅಡಿಕೆಯ ಹಿಂಗಾರ ಮತ್ತು ಕೇದಗೆ ಕೂಡ ಊರಿನ ಹೂವಿನ ಸಾಲಿನವೇ. ಇವು ಆನ್‌ಲೈನ್ ಕಂಪನಿಗಳ ಚಿತ್ರಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕೃಷ್ಣಮಠದ ರಥಬೀದಿಯ ಸುತ್ತಮುತ್ತ, ಮಾರ್ಕೆಟ್ಟಿನಲ್ಲಿ ಹೂ ಮಾರುವವರ ಬಳಿ ಸಿಗುತ್ತವೆ. ಊರಲ್ಲಿರುವ ನೆಂಟರಿಗೋ ಗೆಳೆಯರಿಗೋ ಹೇಳಿ ತರಿಸುವುದೇ ಇದಕ್ಕೆ ದಾರಿ.

ಹಳ್ಳಿಯ ಮನೆಗಾದರೆ ಬಸ್ಸು ಇದೆ. ಈ ಜಿಲ್ಲೆಯಲ್ಲಿ ಖಾಸಗಿ ಸರ್ವಿಸ್ ಬಸ್ಸು ಜನರ ಜೊತೆ ಹೂವಿನ ಕಟ್ಟನ್ನೂ ಒಯ್ಯುತ್ತದೆ. ಬಸ್ಸಿನ ಹೆಸರು, ಹೊರಡುವ ಹೊತ್ತು, ಇಳಿಸಬೇಕಾದ ಸ್ಟಾಪ್ ಇಷ್ಟನ್ನು ಅಂಗಡಿಯವರಿಂದ ಕೇಳಿ ಮನೆಗೆ ತಿಳಿಸಿದರೆ ಯಾರಾದರೂ ಸ್ಟಾಪಿಗೆ ಬಂದು ತೆಗೆದುಕೊಳ್ಳುತ್ತಾರೆ. ಬೈಕು ಹೋಗದಷ್ಟು ದೂರದ ಮನೆಗೆ ಮಲ್ಲಿಗೆ ಕಳಿಸಲು ಇದಕ್ಕಿಂತ ಅಗ್ಗದ ಮಾರ್ಗವಿಲ್ಲ.

ಘಟ್ಟ ಇಳಿದು ಬರುವ ಹೂ

ಗುಲಾಬಿ, ಜರ್ಬೆರಾ, ಕಾರ್ನೇಷನ್, ಸೇವಂತಿಗೆ, ಚೆಂಡುಹೂ ಇವು ಉಡುಪಿಯವಲ್ಲ. ಉದ್ದ ಕಾಂಡದ ಗುಲಾಬಿ ಬೆಂಗಳೂರು, ಹೊಸೂರು ಸುತ್ತಲಿನ ಪಾಲಿಹೌಸ್‌ಗಳಲ್ಲಿ ಬೆಳೆಯುತ್ತದೆ. ಹೆಬ್ಬಾಳದ ಹೂ ಹರಾಜು ಕೇಂದ್ರ, ಕೆ.ಆರ್. ಮಾರ್ಕೆಟ್ಟುಗಳನ್ನು ದಾಟಿ ರಾತ್ರಿ ಬಸ್ಸು ಹತ್ತುತ್ತದೆ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು ಹಾದು ಸುಮಾರು 400 ಕಿಲೋಮೀಟರ್ ಬಂದು ಬೆಳಿಗ್ಗೆ ಉಡುಪಿಯಲ್ಲಿ ಇಳಿಯುತ್ತದೆ. ಅಂದರೆ ಗುರುವಾರ ಅಂಗಡಿಯಲ್ಲಿ 'ಫ್ರೆಶ್' ಎಂದು ಕೊಡುವ ಗುಲಾಬಿಯನ್ನು ಗಿಡದಿಂದ ಕತ್ತರಿಸಿದ್ದು ಮಂಗಳವಾರವೋ ಬುಧವಾರವೋ. ಅದರ ಆಯುಷ್ಯದ ಒಂದು ಪಾಲು ದಾರಿಯಲ್ಲೇ ಕಳೆದಿರುತ್ತದೆ.

ಕತ್ತರಿಸಿದ ಹೂವೂ ಉಸಿರಾಡುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ, ಕೂಡಿಟ್ಟ ಸಕ್ಕರೆ ಅಷ್ಟೇ ಬೇಗ ಕರಗುತ್ತದೆ. ಬೆಂಗಳೂರಿನ ತಂಪಿನಲ್ಲಿ ವಾರ ನಿಲ್ಲುವ ಗುಲಾಬಿ ಕರಾವಳಿಯ ಸೆಕೆಯಲ್ಲಿ ಮೂರು ನಾಲ್ಕು ದಿನಕ್ಕೆ ಸೋಲುವುದು ಇದರಿಂದಲೇ. ಮಳೆಗಾಲದಲ್ಲಿ ಸೆಕೆ ಕಡಿಮೆಯಾದರೂ ತೇವ ಹೆಚ್ಚು. ಎಸಳಿನ ಮೇಲೆ ಬೂದು ಬೂಷ್ಟು ಹತ್ತಿ ಕಂದು ಚುಕ್ಕೆಗಳಾಗುತ್ತವೆ. ಅಂಗಡಿಯಲ್ಲಿ ಕೂಲರ್ ಇದೆಯೇ, ಗುಲಾಬಿ ಬಂದದ್ದು ಇಂದೇ ನಿನ್ನೆಯೇ ಎಂಬ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ.

ಈ ಹವೆಗೆ ಒಗ್ಗುವ ಹೂಗಳೂ ಇವೆ. ಆಂಥೂರಿಯಂ, ಆರ್ಕಿಡ್, ಹೆಲಿಕೋನಿಯಾ ಮೂಲದಲ್ಲೇ ಉಷ್ಣವಲಯದವು. ಸೆಕೆ, ತೇವ ಎರಡನ್ನೂ ಸಹಿಸುತ್ತವೆ. ಗುಲಾಬಿಯನ್ನು ಸೊನ್ನೆಗೆ ಹತ್ತಿರದ ತಂಪಿನಲ್ಲಿಟ್ಟರೆ ಒಳ್ಳೆಯದು, ಆದರೆ ಆಂಥೂರಿಯಂ ಅಂಥ ಚಳಿಯಲ್ಲಿ ಕಪ್ಪಾಗುತ್ತದೆ. ಹಾಗಾಗಿ ಸಣ್ಣ ಅಂಗಡಿಯ ಬಕೆಟ್ಟಿನಲ್ಲೂ ಅದು ಸುಖವಾಗಿಯೇ ಇರುತ್ತದೆ. ಒಂದು ವಾರ ಮೇಜಿನ ಮೇಲೆ ನಿಲ್ಲುವ ಹೂ ಬೇಕೆನ್ನುವವರು ಎರಡು ಡಜನ್ ಗುಲಾಬಿಯ ದುಡ್ಡಿನಲ್ಲಿ ಆರ್ಕಿಡ್, ಆಂಥೂರಿಯಂ ಸೇರಿಸಿ ಕೇಳುವುದು ಜಾಣತನ.

ಘಟ್ಟದ ಹೂವಿಗೆ ರಸ್ತೆಯ ಭಯವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಬಸ್ಸುಗಳು ಸುತ್ತು ದಾರಿ ಹಿಡಿಯುತ್ತವೆ, ಹೂ ಅರ್ಧ ದಿನ ತಡವಾಗುತ್ತದೆ. ಕರಾವಳಿಯ ರಸ್ತೆಗೂ ಈ ಭಯ ತಪ್ಪಿಲ್ಲ: 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಹೂ ಕಳಿಸುವುದಿದ್ದರೆ ಹಿಂದಿನ ಸಂಜೆ ಘಾಟಿಯ ಸುದ್ದಿ ಒಮ್ಮೆ ನೋಡಿಕೊಳ್ಳಿ. ಗುಲಾಬಿ ಬಾರದಿದ್ದರೆ ಬದಲಿಗೆ ಏನು ಹಾಕಬೇಕೆಂದು ಅಂಗಡಿಗೆ ಮೊದಲೇ ಹೇಳಿಡಿ.

ದಿನ ಮತ್ತು ಹೊತ್ತು

ಹೊರದೇಶದಲ್ಲಿ ಇರುವವರು ತಪ್ಪುವುದು ಹೆಚ್ಚಾಗಿ ತಾರೀಖಿನಲ್ಲಿ. ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದೆ. ಅಲ್ಲಿ ಎದ್ದ ಕೂಡಲೇ ಆರ್ಡರ್ ಕೊಟ್ಟರೂ ಅದೇ ದಿನ ತಲುಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಎಂಟು ಗಂಟೆಯಾದಾಗ ಉಡುಪಿಯಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ, ಅಲ್ಲಿನ ಚಳಿಗಾಲದಲ್ಲಿ ಒಂಬತ್ತೂವರೆ. ಅವರಿಗೆ 'ಇವತ್ತು' ಆಗಿರುವುದು ಅಮ್ಮನಿಗೆ ಆಗಲೇ 'ನಿನ್ನೆ'. ಆರ್ಡರಿನಲ್ಲಿ 'ನಾಳೆ' ಎಂದು ಬರೆಯದೆ ಭಾರತದ ತಾರೀಖು, ವಾರ ಎರಡನ್ನೂ ಬರೆಯಿರಿ.

ತಲುಪಿಸಲು ಒಳ್ಳೆಯ ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡು, ಸಂಜೆ ನಾಲ್ಕೂವರೆಯ ಮೇಲೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೈಕಿನ ಮೇಲೆ ಅರ್ಧ ಗಂಟೆ ಸುತ್ತಿದ ಹೂ ಮನೆಯೊಳಗೆ ಹೋದ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ನಡುರಾತ್ರಿ ತಲುಪಿಸುವ ಸೇವೆ ಕಾಲೇಜು ಹುಡುಗರಿರುವ ಮಣಿಪಾಲದಲ್ಲಿ ನಡೆದೀತು. ಒಂಬತ್ತಕ್ಕೆ ದೀಪ ಆರಿಸಿ ಮಲಗುವ, ನಾಯಿ ಬಿಟ್ಟಿರುವ ಮನೆಗೆ ಅದು ಉಡುಗೊರೆಯಲ್ಲ, ಗಾಬರಿ.

ಹಬ್ಬದ ದಿನಗಳ ಲೆಕ್ಕ ಬೇರೆಯೇ. ಉಡುಪಿಯ ಕೃಷ್ಣಾಷ್ಟಮಿ ಸೌರಮಾನದಂತೆ ನಡೆಯುವುದರಿಂದ ಕೆಲವು ವರ್ಷ ಬೇರೆ ಕಡೆಗಿಂತ ತಿಂಗಳು ಮುಂದೆ ಹೋಗುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಆಗಸ್ಟ್ 16ರಂದು ಅಷ್ಟಮಿಯಾದರೆ ಉಡುಪಿಯಲ್ಲಿ ಸೆಪ್ಟೆಂಬರ್ 14ರಂದು, ಮರುದಿನ ವಿಟ್ಲಪಿಂಡಿ ಉತ್ಸವ. ಆ ಎರಡು ದಿನ ಮತ್ತು ಎರಡು ವರ್ಷಕ್ಕೊಮ್ಮೆ ಬರುವ ಜನವರಿ 18ರ ಕೃಷ್ಣಮಠದ ಪರ್ಯಾಯದಂದು ರಥಬೀದಿಯ ಸುತ್ತ ಗಾಡಿ ನುಗ್ಗುವುದಿಲ್ಲ. ಅಲ್ಲಿನ ಮನೆಗೆ ಹಿಂದಿನ ದಿನವೇ ಹೂ ಮುಟ್ಟಿಸಿ. ನಾಗರಪಂಚಮಿಗೆ ಹಿಂಗಾರ, ಕೇದಗೆ, ಸಂಪಿಗೆಯ ದರ ಏರುತ್ತದೆ. ಚೌತಿ, ಅಷ್ಟಮಿಗೆ ಹಾಸನ, ಚಿಕ್ಕಮಗಳೂರು ಕಡೆಯ ಹೂ ಮಾರುವವರು ಸೇವಂತಿಗೆಯ ಮೂಟೆ ಹೊತ್ತು ಇಳಿಯುತ್ತಾರೆ. ಆಗ ಸೇವಂತಿಗೆ ಬೀದಿಯಲ್ಲೇ ರಾಶಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮೇರಿಮಾತೆಯ ಹುಟ್ಟುಹಬ್ಬಕ್ಕೆ) ಮುಂಚಿನ ಒಂಬತ್ತು ದಿನ ಕ್ರೈಸ್ತರ ಮಕ್ಕಳು ಚರ್ಚಿಗೆ ಹೂ ಒಯ್ಯುತ್ತಾರೆ. ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲದ್ದರಿಂದ ಅಂಗಡಿಗಳಿಗೆ ಬಿಡುವು; ಗುಚ್ಛಕ್ಕೆ ಹೆಚ್ಚು ಗಮನ ಸಿಗುವ ಕಾಲವದು. ಫೆಬ್ರವರಿ 14ರ ಗುಲಾಬಿ ಬೇಕಿದ್ದರೆ ವಾರದ ಮೊದಲೇ ಹೇಳಿ, ದರ ಎರಡು ಪಟ್ಟಾದರೂ ಅಚ್ಚರಿ ಬೇಡ.

ವಿಳಾಸ ಬರೆಯುವ ಕ್ರಮ

ಕರಾವಳಿಯ ಊರು ಸಾಲುಮನೆಗಳ ಊರಲ್ಲ. ತೋಟದ ನಡುವೆ ಒಂದು ಮನೆ, ಬೈಲಿನ ಆಚೆ ಇನ್ನೊಂದು. ಮನೆಗೆ ನಂಬರಿಗಿಂತ ಹೆಸರಿನಿಂದ ಗುರುತು. ಜೊತೆಗೆ ಹೆಸರುಗಳ ಗೊಂದಲ: ಪಡುಬೆಳ್ಳೆ ಒಂದಾದರೆ ಮೂಡುಬೆಳ್ಳೆ ಇನ್ನೊಂದು, ಅಂಬಲಪಾಡಿ ಬೇರೆ, ಅಂಬಾಗಿಲು ಬೇರೆ, ಕಿನ್ನಿಮೂಲ್ಕಿ ಉಡುಪಿಯೊಳಗೇ ಇದೆ, ಮೂಲ್ಕಿ ಮಂಗಳೂರಿನ ದಾರಿಯಲ್ಲಿರುವ ಬೇರೆಯೇ ಪಟ್ಟಣ. ಉಡುಪಿ ನಗರದ 576101 ಮತ್ತು ಮಣಿಪಾಲದ 576104 ಅದಲುಬದಲಾದರೆ ಆರ್ಡರ್ ಬೇರೆ ಅಂಗಡಿಗೆ ಹೋದೀತು.

ಹೀಗೆ ಬರೆಯಿರಿ: ಮನೆಯ ಹೆಸರು, ಮನೆಯ ಯಜಮಾನರ ಹೆಸರು, ಹತ್ತಿರದ ಬಸ್ ಸ್ಟಾಪು, ಅಲ್ಲಿಂದ ಎಡಕ್ಕೋ ಬಲಕ್ಕೋ, ದಾರಿಯಲ್ಲಿ ಸಿಗುವ ದೇವಸ್ಥಾನ, ದೈವಸ್ಥಾನ, ಚರ್ಚು ಅಥವಾ ಶಾಲೆ, ಪಿನ್‌ಕೋಡು, ಎರಡು ಫೋನ್ ನಂಬರು. ಮನೆಯವರಿಂದ ವಾಟ್ಸಾಪ್ ಲೊಕೇಶನ್ ತರಿಸಿ ಅಂಗಡಿಗೆ ಕಳಿಸಿದರೆ ಅರ್ಧ ಕೆಲಸ ಮುಗಿಯಿತು. ಹೂ ಅನಿರೀಕ್ಷಿತವಾಗಿ ತಲುಪಬೇಕೆಂಬ ಆಸೆ ಇದ್ದರೆ ಮನೆಯ ಇನ್ನೊಬ್ಬರಿಗಾದರೂ ಗುಟ್ಟಾಗಿ ಹೇಳಿಡಿ. ಬೀಗ ಹಾಕಿದ ಮನೆಯ ಮುಂದೆ ಹೂ ಇಟ್ಟು ಬಂದರೆ ಸಂಜೆಗೆ ಉಳಿಯುವುದು ಕಾಗದ ಮಾತ್ರ. ಹಾಸ್ಟೆಲ್ಲಿಗಾದರೆ ಗೇಟಿನಲ್ಲಿ ಬಂದು ಪಡೆಯಲು ವಿದ್ಯಾರ್ಥಿಗೆ ತಿಳಿಸಿ.

ಯಾರಿಗೆ ಯಾವ ಹೂ

ಆಸ್ಪತ್ರೆಗೆ ಕಳಿಸುವ ಮೊದಲು ವಾರ್ಡಿನಲ್ಲಿ ಹೂ ಬಿಡುತ್ತಾರೆಯೇ ಎಂದು ಕೇಳಿ; ಐಸಿಯುನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಡುವಲ್ಲಿಯೂ ಗಾಢ ಪರಿಮಳದ ಮಲ್ಲಿಗೆ, ಲಿಲ್ಲಿ ಬೇಡ. ರೋಗಿ ಮನೆಗೆ ಬಂದ ಮೇಲೆ ಕಳಿಸಿದರೆ ಎಲ್ಲರಿಗೂ ಅನುಕೂಲ. ಕ್ರೈಸ್ತರ ಮನೆಯ ಸಾವಿಗೆ ಬಿಳಿ ಹೂವಿನ ಚಕ್ರ ಸಲ್ಲುತ್ತದೆ. ಸೂತಕವಿರುವ ಹಿಂದೂ ಮನೆಗೆ ಬಣ್ಣದ ಕಾಗದ ಸುತ್ತಿದ ಗುಚ್ಛ ಸಲ್ಲದು, ಅಲ್ಲಿಗೆ ಫೋನ್ ಮಾಡಿದರೇ ಸಾಕು. ದೇವರಿಗೆಂದು ಕಳಿಸುವ ಹೂವಿಗೆ ಥರ್ಮೊಕೋಲ್, ಮಿಂಚಿನ ಪುಡಿ, ಬಣ್ಣದ ಸ್ಪ್ರೇ ಬೇಡವೆಂದು ಸ್ಪಷ್ಟವಾಗಿ ಹೇಳಿ. ಮನೆಯ ಹಿರಿಯ ಹೆಂಗಸರಿಗೆ ಉದ್ದ ಕಾಂಡದ ಹನ್ನೆರಡು ಗುಲಾಬಿಗಿಂತ ಒಂದು ಚೆಂಡು ಮಲ್ಲಿಗೆ, ಜೊತೆಗೆ ತುಸು ಅಬ್ಬಲಿಗೆ ಹೆಚ್ಚು ಖುಷಿ ಕೊಟ್ಟೀತು; ಅದಕ್ಕೆ ಹೂದಾನಿಯೂ ಬೇಡ.

ಉಡುಪಿಗೆ ಕಳಿಸುವ ಬದಲು ಉಡುಪಿಯಿಂದ ಹೊರಗೆ ಹೂ ಕಳಿಸಬೇಕೆನ್ನುವವರಿಗೆ ಊರಿನ ಎರಡು ಹೂಗಳಿವೆ: ಸುರಗಿ ಮತ್ತು ರೆಂಜೆ. ಸುರಗಿ ಬೇಸಿಗೆಯ ಆರಂಭದಲ್ಲಿ ಸಿಗುತ್ತದೆ. ಎರಡೂ ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲ. ಅಂಚೆಯಲ್ಲಿ ನಾಲ್ಕು ದಿನ ಕಳೆದರೂ ಕೆಡದ ಹೂಮಾಲೆ ಅದು.

ಮನೆಗೆ ಬಂದ ಮೇಲೆ

ಪಡೆಯುವವರಿಗೆ ಒಂದು ಸಂದೇಶ ಕಳಿಸಿಬಿಡಿ. ಗುಚ್ಛದ ಪ್ಲಾಸ್ಟಿಕ್ ಕೂಡಲೇ ಬಿಚ್ಚಬೇಕು, ಒಳಗೆ ಹನಿಗಟ್ಟಿದ ನೀರೇ ಬೂಷ್ಟಿಗೆ ಮೂಲ. ಕಾಂಡದ ತುದಿಯನ್ನು ಎರಡು ಸೆಂಟಿಮೀಟರಿನಷ್ಟು ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆಗಳನ್ನು ತೆಗೆದು ಶುದ್ಧ ನೀರಿಗೆ ಹಾಕಬೇಕು. ಎಲೆ ಕೊಳೆತರೆ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಕಾಂಡದ ನಾಳಗಳನ್ನು ಮುಚ್ಚುತ್ತವೆ. ನೀರಿನ ನಡುವೆ ನಿಂತೂ ಗುಲಾಬಿ ಬಾಯಾರಿ ಬಾಡುವುದು ಹೀಗೆ. ಸೆಕೆಗಾಲದಲ್ಲಿ ದಿನವೂ ನೀರು ಬದಲಿಸಿ. ಫ್ಯಾನಿನ ಕೆಳಗೆ, ಟಿವಿಯ ಮೇಲೆ, ಬಾಳೆಗೊನೆಯ ಪಕ್ಕ ಇಡಬೇಡಿ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಕಾರ್ನೇಷನ್, ಆರ್ಕಿಡ್‌ಗಳನ್ನು ಬೇಗ ಮುದುಡಿಸುತ್ತದೆ.

ಮಲ್ಲಿಗೆಗೆ ನೀರು ಚಿಮುಕಿಸಬೇಡಿ, ಎಸಳು ಕಂದುತ್ತದೆ. ಬಾಳೆ ಎಲೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳ ಅಂಕಣದಲ್ಲಿ ಹಣ್ಣಿನಿಂದ ದೂರವಿಟ್ಟರೆ ಮರುದಿನ ಬೆಳಿಗ್ಗೆಯವರೆಗೆ ಮುಡಿಯುವಂತಿರುತ್ತದೆ.

ಹೂ ಕೆಟ್ಟು ಬಂದರೆ

ತಲುಪಿದ ಗಂಟೆಯೊಳಗೆ ಬೆಳಕಿನಲ್ಲಿ ಎರಡು ಫೋಟೋ ತೆಗೆಯಲು ಮನೆಯವರಿಗೆ ಹೇಳಿ: ಒಂದು ಇಡೀ ಗುಚ್ಛದ್ದು, ಒಂದು ಕೆಟ್ಟ ಹೂವಿನದು. ಸಂಜೆ ತೆಗೆದ ಫೋಟೋ ತೋರಿಸಿ ದೂರಿದರೆ ಹೂ ಬಾಡಿದ್ದು ದಾರಿಯಲ್ಲೋ ಮನೆಯಲ್ಲೋ ಎಂಬ ವಾದ ಏಳುತ್ತದೆ. ಆನ್‌ಲೈನ್ ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರು ನಿಲ್ಲಬೇಕಾದರೆ ಆರ್ಡರಿನಲ್ಲಿ ಹೂವಿನ ಜಾತಿ, ಸಂಖ್ಯೆ, ತಲುಪಬೇಕಾದ ಹೊತ್ತು ಬರಹದಲ್ಲಿ ಇರಬೇಕು. 'ಚೆಂದದ ಬೊಕೆ' ಎಂದಷ್ಟೇ ಬರೆದಿದ್ದರೆ ಕೇಳಲು ಏನೂ ಉಳಿಯುವುದಿಲ್ಲ.

ಒಮ್ಮೆ ಚೆನ್ನಾಗಿ ನಡೆದುಕೊಂಡ ಅಂಗಡಿ ಸಿಕ್ಕರೆ ಅದರ ನಂಬರ್ ಉಳಿಸಿಕೊಳ್ಳಿ. ಎರಡನೆಯ ಸಲಕ್ಕೆ ಅವರಿಗೆ ಮನೆಯ ದಾರಿ ಗೊತ್ತಿರುತ್ತದೆ, ಮೂರನೆಯ ಸಲಕ್ಕೆ ಅಮ್ಮನಿಗೆ ಯಾವ ಹೂ ಇಷ್ಟ ಎಂಬುದೂ ಗೊತ್ತಿರುತ್ತದೆ. ಆಮೇಲೆ ನೀವು ಹೇಳಬೇಕಾದದ್ದು ತಾರೀಖು ಮತ್ತು ಮೊತ್ತ ಇಷ್ಟೇ. ಆ ದಿನ ಮಾರ್ಕೆಟ್ಟಿಗೆ ಬಂದದ್ದರಲ್ಲಿ ಒಳ್ಳೆಯದನ್ನು ಆರಿಸುವ ಕೆಲಸವನ್ನು ಅವರಿಗೇ ಬಿಡಬಹುದು.